ದೋಣಿಗಾರನಿಲ್ಲದ ಎರಡನೆಯ ಸಂಪುಟ

ನನ್ನ ಫ್ಯಾಂಟಸಿ ಸರಣಿಯ ಮೊದಲ ಸಂಪುಟದ ಮುಖಪುಟದ ಮೇಲೆ ನನ್ನೊಬ್ಬಳ ಹೆಸರೇ ಇದೆ. ಆದರೆ ಆ ಕಥೆ ಹುಟ್ಟಿದ್ದು ವೈನಿಗೆ ಎರಡು ತುತ್ತು ಉಣ್ಣಿಸುವುದಕ್ಕಾಗಿ. ಅಣ್ಣನ ಹೆಂಡತಿಯನ್ನು ನಮ್ಮ ಕಡೆ ವೈನಿ ಎಂದು ಕರೆಯುತ್ತೇವೆ. ಅಣ್ಣ ತೀರಿಕೊಂಡ ಮೇಲೂ ನಾನು ಆಕೆಯನ್ನು ಹಾಗೆಯೇ ಕರೆದೆ. ಬೇರೆ ಏನೆಂದು ಕರೆಯಬೇಕೋ ಇವತ್ತಿಗೂ ತಿಳಿದಿಲ್ಲ.

ಅಣ್ಣ ಶುಂಠಿ, ಆಲೂಗಡ್ಡೆಯ ವ್ಯಾಪಾರ ಮಾಡುತ್ತಿದ್ದ. ರಾಯಿಕೋಡ್ ಕಡೆಯ ಹೊಲಗಳಲ್ಲಿ ಮಾಲು ನೋಡಿಕೊಂಡು ಬೈಕಿನ ಮೇಲೆ ಜಹೀರಾಬಾದಿಗೆ ಮರಳುವಾಗ ಅಪಘಾತವಾಯಿತು. ಅದರ ಬಗ್ಗೆ ಹೆಚ್ಚು ಬರೆಯಲಾರೆ. ಮದುವೆಯಾಗಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಮಕ್ಕಳಿರಲಿಲ್ಲ. ಕಾರ್ಯಗಳೆಲ್ಲ ಮುಗಿದ ಮೇಲೆ ವೈನಿಯ ಅಪ್ಪ ಆಕೆಯನ್ನು ಕರೆದೊಯ್ಯಲು ಬಂದರು. ಅವರದು ನಾಗಲಗಿದ್ದದ ಹತ್ತಿರ ಒಂದು ಹಳ್ಳಿ. ವೈನಿ "ಮುಂದಿನ ವಾರ ಬರ್ತೀನಿ ಅಪ್ಪಾ" ಎಂದಳು. ಆ ಮುಂದಿನ ವಾರ ಬರಲೇ ಇಲ್ಲ. ಆಕೆ ನಮ್ಮ ಮನೆಯಲ್ಲೇ ಉಳಿದಳು.

ಉಳಿದಳು ಎನ್ನುವುದೂ ತಪ್ಪೇ. ಹಿಂದಿನ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿರುತ್ತಿದ್ದಳು. ಅವ್ವ ತಟ್ಟೆ ಮುಂದಿಟ್ಟು ಹೋದರೆ ಸಂಜೆಗೆ ರೊಟ್ಟಿ ಒಣಗಿ ಸೆಟೆದು ನಿಂತಿರುತ್ತಿತ್ತು. ಅವ್ವನಿಗೆ ಆಕೆಯ ಎದುರು ಕೂತು ಮಾತಾಡುವ ಶಕ್ತಿ ಇರಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರೆ ಸಾಕು, ಒಬ್ಬರಾದರೂ ಎದ್ದು ಹೋಗುತ್ತಿದ್ದರು. ನಾನು ಊರಿನ ಖಾಸಗಿ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮಧ್ಯಾಹ್ನ ಮನೆಗೆ ಬಂದವಳು ಸೀದಾ ವೈನಿಯ ತಟ್ಟೆಯ ಮುಂದೆ ಕೂಡುತ್ತಿದ್ದೆ. ಶಾಲೆಯ ಸುದ್ದಿ ಹೇಳಿದೆ, ಬೀದಿಯ ಸುದ್ದಿ ಹೇಳಿದೆ. ಯಾವುದಕ್ಕೂ ಆಕೆ ಹೂಂ ಎನ್ನಲಿಲ್ಲ. ಒಂದು ದಿನ ಹೇಳಲು ಏನೂ ಉಳಿಯದೆ, ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ.

"ವೈನಿ, ಒಂದು ನಾಡಿನ್ಯಾಗ ಹರಿಯೋ ಹೊಳಿ ಬೆಳಗಾಗೂದ್ರಾಗ ಮಾಯ ಆತು."

ಆಕೆ ಕಣ್ಣೆತ್ತಿದಳು. "ಎಲ್ಲಿ ಹೋತು?"

ಅಣ್ಣ ಹೋದ ಮೇಲೆ ಆಕೆ ನನಗೆ ಕೇಳಿದ ಮೊದಲ ಪ್ರಶ್ನೆ ಅದು. ಉತ್ತರ ನನಗೂ ಗೊತ್ತಿರಲಿಲ್ಲ. "ಒಂದು ತುತ್ತು ತಗೋರಿ, ಹೇಳ್ತೀನಿ" ಎಂದೆ.

ತುತ್ತು ತುತ್ತಿಗೆ ಕಥೆ ಬೆಳೆಯಿತು. ನಮ್ಮ ಜಹೀರಾಬಾದಿನ ಮಣ್ಣು ಕೆಂಪು, ಆಕೆಯ ತವರಿನ ಕಡೆ ಎರೆಮಣ್ಣು. ಹಾಗಾಗಿ ಕಥೆಯಲ್ಲೂ ಒಂದು ಕೆಂಪು ನಾಡು, ಒಂದು ಕಪ್ಪು ನಾಡು, ನಡುವೆ ಹೊಳೆ. ದೂರದ ಕಲ್ಲುಬೆಟ್ಟದ ಮೇಲೆ ಕೂತ ಮಂತ್ರವಾದಿ ಆ ಹೊಳೆಯನ್ನು ಒಂದೇ ಉಸಿರಿಗೆ ಕುಡಿದುಬಿಟ್ಟಿದ್ದ. ಅವನಿಗೆ ಕಲ್ಲಿನ ಸೈನಿಕರ ದಂಡಿತ್ತು. ಕೆಂಪು ನಾಡಿಗೆ ಒಬ್ಬ ಅರಸಿ. ಆಕೆಯ ದಡದಲ್ಲಿ ಒಬ್ಬ ದೋಣಿಗಾರ. ನೀರಿಲ್ಲದ ಹೊಳೆಯಲ್ಲಿ ದೋಣಿಯನ್ನು ಹೆಗಲ ಮೇಲೆ ಹೊತ್ತುಕೊಂಡು, ಮರಳಿನಲ್ಲಿ ಹೆಜ್ಜೆ ಹೂಳುತ್ತ, ಹೊಳೆಯನ್ನು ಹುಡುಕಿ ತರಲು ಅವನು ಹೊರಡುತ್ತಾನೆ.

"ಅಷ್ಟು ದೊಡ್ಡ ದಂಡು, ನಡಕೋಂತ ಬರ್ತದೇನು?" ಎಂದು ವೈನಿ ಒಂದು ದಿನ ಕೇಳಿದಳು.

"ಕುದುರಿ ಮ್ಯಾಲ ಬರ್ತದ."

"ಎಂಥ ಕುದುರಿ?"

ಆಕೆಯೇ ಹೇಳಿದಳು, "ಉಪ್ಪಿನ ಕುದುರಿ ಮಾಡು. ಮಳಿಗಾಲದಾಗ ಬರಾಕ ಆಗಬಾರ್ದು ಅವಕ್ಕ."

ನನ್ನ ಪುಸ್ತಕದ ಬಗ್ಗೆ ಮಾತಾಡಿದವರೆಲ್ಲ ಮೊದಲು ಹೊಗಳುವುದು ಆ ಉಪ್ಪಿನ ಕುದುರೆಗಳನ್ನೇ. ಅವು ವೈನಿಯವು.

ನಾನು ಹೇಳಿದ್ದನ್ನು ಬರೆದಿಡಲು ಶುರುಮಾಡಿದೆ. ಬರೆದದ್ದನ್ನು ಮತ್ತೆ ಆಕೆಗೇ ಓದಿ ಹೇಳುತ್ತಿದ್ದೆ. ವೈನಿ ಮನೆಯಲ್ಲಿ ಆಡುವುದು ಕನ್ನಡವೇ ಆದರೂ ತೆಲುಗು ನಾಡಿನ ಈ ಗಡಿಯಲ್ಲಿ ಕಲಿತದ್ದು ತೆಲುಗು ಶಾಲೆಯಲ್ಲಿ, ಕನ್ನಡದ ಅಕ್ಷರ ಬರುವುದಿಲ್ಲ. ನಾನು ಚಿಕ್ಕವಳಿದ್ದಾಗ ಬೀದರಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಕನ್ನಡ ಶಾಲೆಗೆ ಹೋದವಳು. ಹೀಗಾಗಿ ಓದುವ ಕೆಲಸ ನನ್ನದು, ತಪ್ಪು ಹಿಡಿಯುವ ಕೆಲಸ ಆಕೆಯದು. ಶುಂಠಿಯ ಮಣ್ಣು ಉಜ್ಜುತ್ತಲೋ ತೊಗರಿಬೇಳೆ ಹಸನು ಮಾಡುತ್ತಲೋ ಕೇಳುತ್ತಿದ್ದಳು. ದೋಣಿಗಾರ ಹೊರಟ ಮೇಲೆ ಅರಸಿ ದಡದ ಮೆಟ್ಟಿಲ ಮೇಲೆ ಕೂತು ಅಳುವ ಅಧ್ಯಾಯ ಓದಿದಾಗ ಮೊರದಲ್ಲಿ ಬೇಳೆ ಕೇರುವುದನ್ನು ನಿಲ್ಲಿಸಿ, "ಇಷ್ಟ್ಯಾಕ ಅಳ್ತಾಳ ಆಕಿ? ಮನ್ಯಾಗ ಕೆಲಸ ಇಲ್ಲೇನು?" ಎಂದಳು. ನಾನು ನಕ್ಕೆ. ಆಕೆಯೂ ನಕ್ಕಳು. ಒಳಗೆ ಅಡುಗೆಮನೆಯಲ್ಲಿ ಅವ್ವ ಆ ನಗು ಕೇಳಿ ಸುಮ್ಮನೆ ನಿಂತದ್ದು ಬಾಗಿಲ ಸಂದಿಯಿಂದ ನನಗೆ ಕಂಡಿತು.

ಕೊನೆಯ ಪುಟ ಓದಿದ ದಿನ ವೈನಿ ಕೇಳಿದಳು, "ದೋಣಿಗಾರ ಹೊಳ್ಳಿ ಬರ್ತಾನಲ್ಲ?"

"ಇನ್ನಾ ಎರಡು ಸಂಪುಟ ಅವ ವೈನಿ."

"ಅಂದ್ರ ಬರ್ತಾನ" ಎಂದು ತಾನೇ ಮುಗಿಸಿಕೊಂಡಳು.

ಕಲಬುರಗಿಯ ಸಣ್ಣ ಪ್ರಕಾಶಕರೊಬ್ಬರು ಅದನ್ನು ಅಚ್ಚು ಹಾಕಿದರು. ಪುಸ್ತಕ ಮನೆಗೆ ಬಂದ ಆ ದಿನಗಳಲ್ಲೇ ಅವ್ವ ಇನ್ನೊಂದು ಕೆಲಸ ಹಚ್ಚಿಕೊಂಡಿದ್ದಳು. ವೈನಿಗೆ ಗಂಡು ನೋಡುತ್ತಿದ್ದಳು. ಮೊದಲು ಅಪ್ಪನನ್ನು ಒಪ್ಪಿಸಿದಳು, ಆಮೇಲೆ ವೈನಿಯ ಅಪ್ಪನನ್ನು. ವೈನಿ ಮಾತ್ರ ಬಹಳ ದಿನ ಒಪ್ಪಲಿಲ್ಲ.

"ನಾ ಇಲ್ಲೇ ಇರ್ತೀನಿ ಅತ್ತಿ. ನಿಮಗ ಭಾರ ಆಗೀನೇನು?" ಎಂದು ಅತ್ತಳು.

"ಭಾರ ಆಗಿದ್ರ ನಿಮ್ಮಪ್ಪನ ಕೂಡ ಅಂದೇ ಕಳಸ್ತಿದ್ದೆ" ಎಂದಳು ಅವ್ವ. "ನಾ ಸತ್ತ ಮ್ಯಾಲ ನಿನ್ನ ತಾಟಿನ ಮುಂದ ಯಾರು ಕೂಡ್ತಾರ? ಈಕಿನೂ ಒಂದಿಲ್ಲ ಒಂದಿನ ಹೋಗ್ತಾಳ."

ಈಕಿ ಎಂದರೆ ನಾನು. ನಾನು ಹೋಗಲಿಲ್ಲ. ಅದು ಬೇರೆ ಕಥೆ.

ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ದು ನುಣುಪು ಮಾಡುವ ಒಂದು ಕಾರ್ಖಾನೆಯ ಉಸ್ತುವಾರಿ ನೋಡಿಕೊಳ್ಳುವವರು ಸಿಕ್ಕರು. ಹೆಂಡತಿ ತೀರಿಕೊಂಡಿದ್ದರು, ಒಬ್ಬಳು ಹೆಣ್ಣುಮಗಳಿದ್ದಳು. ಝರಾಸಂಗದ ಗುಡಿಯಲ್ಲಿ ನಾಲ್ಕು ಮಂದಿಯ ನಡುವೆ ಮದುವೆಯಾಯಿತು. ವೈನಿಯ ಅವ್ವ ಇದ್ದರೂ ಉಡಿ ತುಂಬಿದ್ದು ನಮ್ಮವ್ವ. ಹೊರಡುವಾಗ ವೈನಿ ನನ್ನ ಕೈ ಹಿಡಿದುಕೊಂಡಳು. ಜೀಪು ಹೋಯಿತು. ಅವ್ವ ಗುಡಿಯ ಕಟ್ಟೆಯ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡು ನನಗೆ ಹೇಳಿದಳು, "ಕೇಳಿಲ್ಲಿ. ಆಕಿ ಹೊಸಾ ಮನಿ ಕಟಗೊಳ್ಳಾಕತ್ತಾಳ. ನಾವು ಹಳೀ ಮನಿ ಯಾದ್ ಹೊತಗೊಂಡು ದಿನಾ ಆಕಿ ಬಾಗಿಲಿಗೆ ಹೋಗಬಾರ್ದು. ತಾನಾಗಿ ಕರೀಲಿ."

ಮನೆಗೆ ಬಂದೆವು. ಹಿಂದಿನ ಪಡಸಾಲೆಯ ಗೋಡೆಯ ಮೇಲೆ ಆಕೆಯ ತಲೆ ಒರಗುತ್ತಿದ್ದಲ್ಲಿ ಎಣ್ಣೆಯ ಗುರುತಿತ್ತು. ಅಪ್ಪ ದೀಪಾವಳಿಗೆ ಸುಣ್ಣ ಹಚ್ಚಿಸುವಾಗ ಅದೂ ಹೋಯಿತು.

ಅದರ ನಂತರ ನಾನು ಎರಡನೆಯ ಸಂಪುಟ ಬರೆಯಲು ಕೂತೆ. ಸರಣಿಯ ನಡುವಿನ ಸಂಪುಟ ಕಷ್ಟದ್ದೆಂದು ಬಲ್ಲವರು ಹೇಳಿದ್ದರು. ಆರಂಭದ ಹುರುಪು ಅದಕ್ಕಿಲ್ಲ, ಮುಕ್ತಾಯದ ನೆಮ್ಮದಿಯೂ ಇಲ್ಲ, ಬರೀ ದಾರಿ. ಆದರೆ ನನ್ನ ಕಷ್ಟ ಅದಲ್ಲ. ನನಗೆ ಕೇಳುವವರಿರಲಿಲ್ಲ. ದೋಣಿಗಾರ ನಡೆದ, ನಡೆದ, ಅಧ್ಯಾಯಗಟ್ಟಲೆ ನಡೆದ. ಅರಸಿ ಮೆಟ್ಟಿಲ ಮೇಲೆ ಕೂತೇ ಇದ್ದಳು. ಆಕೆಯನ್ನು ಎಬ್ಬಿಸಲು ನನ್ನಿಂದ ಆಗಲಿಲ್ಲ. ಒಂದು ವಾಕ್ಯ ಬರೆದ ಕೂಡಲೇ ತಲೆ ತಾನೇ ಪಡಸಾಲೆಯ ಕಡೆ ತಿರುಗುತ್ತಿತ್ತು. ಹೂಂ ಎನ್ನುವ ದನಿಗೆ ಕಿವಿ ಕಾಯುತ್ತಿತ್ತು. ಶಾಲೆಯಿಂದ ಬರುವ ದಾರಿಯಲ್ಲಿ ಯಾರದೋ ಮನೆಯಿಂದ ರೊಟ್ಟಿ ಬಡಿಯುವ ಸದ್ದು ಬಂದರೆ ನಿಂತು ಕೇಳುತ್ತಿದ್ದೆ. ವೈನಿಯ ಬಡಿತ ಬೇರೆ. ಎರಡು ಜೋರು, ಒಂದು ಮೆಲ್ಲಗೆ, ಬಳೆ ಹಿಂದಕ್ಕೆ ಸರಿಸಲು ಒಂದು ಗಳಿಗೆ ಬಿಡುವು. ಊರಿನಲ್ಲಿ ಬೇರೆ ಯಾರೂ ಹಾಗೆ ಬಡಿಯುವುದಿಲ್ಲ.

ಫೋನು ಬರುತ್ತಿರಲಿಲ್ಲವೆಂದಲ್ಲ. ಹಬ್ಬಕ್ಕೆ ಬರುತ್ತಿತ್ತು. "ಆರಾಮ ಅದೀನಿ ತಂಗಿ. ನೀ ಆರಾಮ ಅದೀಯೇನು? ಅತ್ತಿ ಮೊಣಕಾಲು ಹ್ಯಾಂಗವ?" ಅಷ್ಟೇ. ಹಿಂದೆ ಯಂತ್ರದ ಸದ್ದು, ಮಗುವಿನ ದನಿ, ಕುಕ್ಕರಿನ ಸೀಟಿ. ಸತ್ತವನನ್ನು ನೆನೆದು ಅಳಲು ನಮಗೆ ಒಂದು ರೀತಿ ಗೊತ್ತಿದೆ, ಅದಕ್ಕೊಂದು ತಿಥಿಯೂ ಇದೆ. ಬದುಕಿ ಚೆನ್ನಾಗಿರುವವಳನ್ನು ನೆನೆದು ಅಳುವುದು ಹೇಗೆ? ಅಳಬೇಕಾದರೂ ಯಾಕೆ? ಅಣ್ಣನಿಗಿಂತ ಹೆಚ್ಚಾಗಿ ನನಗೆ ಆಕೆಯ ನೆನಪಾಗುತ್ತಿತ್ತು. ಅದನ್ನು ಅವ್ವನ ಮುಂದೆ ಹೇಳುವಂತಿರಲಿಲ್ಲ.

ಕೊನೆಗೆ ಒಂದು ದಸರೆಯ ರಜೆಯಲ್ಲಿ ವೈನಿಯೇ ಕರೆದಳು. "ಬಾ. ನಮ್ಮ ಪೋರಿಗೆ ನಿನ್ನ ನೋಡಬೇಕಂತ."

ಅವ್ವ ಶೇಂಗಾ ಚಟ್ನಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಕಟ್ಟಿಕೊಟ್ಟಳು. ಚೀಲದಲ್ಲಿ ನಾನು ಎರಡನೆಯ ಸಂಪುಟದ ಅರ್ಧ ಹಸ್ತಪ್ರತಿಯನ್ನೂ ಇಟ್ಟುಕೊಂಡೆ. ವಿಕಾರಾಬಾದಿನಲ್ಲಿ ರೈಲು ಬದಲಿಸಿ ತಾಂಡೂರಿಗೆ ಹೋದೆ. ಸ್ಟೇಷನ್ನಿನ ಹೊರಗೆ ರಸ್ತೆಯ ಎರಡೂ ಕಡೆ ಬೂದು, ನೀಲಿ ಫರಸಿಗಳನ್ನು ಸಾಲಾಗಿ ನಿಲ್ಲಿಸಿದ್ದರು. ಮೈತುಂಬ ಧೂಳು ಮೆತ್ತಿಕೊಂಡು, ಭುಜಕ್ಕೆ ಭುಜ ತಾಗಿಸಿಕೊಂಡು ನಿಂತ ಆ ಕಲ್ಲುಗಳನ್ನು ನೋಡಿ, ನನ್ನ ಮಂತ್ರವಾದಿಯ ದಂಡಿನ ನಡುವೆಯೇ ಆಟೋದಲ್ಲಿ ಹೋಗುತ್ತಿದ್ದೇನೆ ಅನ್ನಿಸಿತು. ವೈನಿಗೂ ಬಂದ ದಿನ ಹೀಗೆಯೇ ಅನ್ನಿಸಿರಬೇಕು ಎಂದುಕೊಂಡೆ.

ಆಕೆ ಬಾಗಿಲಲ್ಲೇ ನಿಂತಿದ್ದಳು. ಮೈ ತುಂಬಿಕೊಂಡಿದ್ದಳು. ಹಣೆಯ ಮೇಲೆ ವಿಭೂತಿ, ಅದರ ಕೆಳಗೆ ಕುಂಕುಮ. ನನ್ನನ್ನು ಅಪ್ಪಿಕೊಂಡು, ಬಿಟ್ಟು, ಮುಖ ನೋಡಿ, "ಎಷ್ಟು ಸೊರಗೀ ತಂಗಿ" ಎಂದು ಮತ್ತೆ ಅಪ್ಪಿಕೊಂಡಳು. ಆಕೆಯ ಹಿಂದೆ ಎರಡು ಜಡೆಯ ಹುಡುಗಿ ನಿಂತು ನನ್ನನ್ನು ತೂಕ ಮಾಡುವಂತೆ ನೋಡುತ್ತಿದ್ದಳು.

"ಹೊಳಿ ಕಥಿ ಬರದಾಕಿ ನೀವೇ ಏನ್ರಿ?" ಎಂದು ಕೇಳಿದಳು.

"ಹೌದವ್ವ. ನಿನಗ ಯಾರು ಹೇಳಿದ್ರು?"

"ಸಣ್ಣವ್ವ ದಿನಾ ಹೇಳ್ತಾಳ. ಈಗ ಎರಡನೇದು ನಡದದ."

ಸಣ್ಣವ್ವ ಎಂದರೆ ವೈನಿ. ಉಳಿದದ್ದು ನನಗೆ ಅರ್ಥವಾಗಲಿಲ್ಲ. ಎರಡನೆಯದು ನನ್ನ ಚೀಲದಲ್ಲಿತ್ತು. ಅದೂ ಅರ್ಧ. ವೈನಿ ನಾಚಿಕೊಂಡು, "ಏನ್ ಮಾಡಲಿ? ನೀ ಬರೀಲಿಲ್ಲ, ಈಕಿ ಬಿಡಲಿಲ್ಲ" ಎಂದು ಹಿಟ್ಟು ನಾದಲು ಒಳಗೆ ಹೋದಳು.

ಹುಡುಗಿ ನನ್ನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಎರಡನೆಯ ಸಂಪುಟವನ್ನು ಹೇಳಲು ಶುರುಮಾಡಿದಳು. ಹೊಳೆ ಬತ್ತಿದ ಮೇಲೆ ಅರಸಿ ದಡ ಬಿಟ್ಟು ಇಳಿದು ಬಂದಳಂತೆ. ಹೊಳೆಯ ಪಾತ್ರದ ನಡುವೆಯೇ ಒಂದು ಮನೆ ಕಟ್ಟಿದಳಂತೆ, ಕೆಂಪು ನಾಡಿನವರೂ ಕಪ್ಪು ನಾಡಿನವರೂ ಹಾಯ್ದು ಹೋಗುವಾಗ ಉಂಡು ಹೋಗಲೆಂದು. ಮಂತ್ರವಾದಿಯ ಕಲ್ಲಿನ ಸೈನಿಕರು ದಾಳಿ ಮಾಡಿದಾಗ ಅರಸಿ ಹೆದರಲಿಲ್ಲವಂತೆ. "ದೂರದಿಂದ ಬಂದೀರಿ, ದಣದೀರಿ, ಜರಾ ಅಡ್ಡಾಗ್ರಿ" ಎಂದಳಂತೆ. ಅವರು ಅಡ್ಡಾದರು. ಹಾಗೆಯೇ ನಿದ್ದೆ ಹೋದರು. ಅವರೇ ಅರಸಿಯ ಮನೆಗೆ ಫರಸಿಯಾದರು. ಅದಕ್ಕೇ ಆ ಮನೆಯ ನೆಲ ಬೇಸಿಗೆಯಲ್ಲೂ ತಂಪು. ಉಪ್ಪಿನ ಕುದುರೆಗಳನ್ನು ಹಿತ್ತಲಲ್ಲಿ ಚಪ್ಪರ ಹಾಕಿ ಕಟ್ಟಿದ್ದಾಳೆ, ಮಳೆ ತಾಗಬಾರದಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ ಒಂದು ಕುದುರೆಯ ಬೆನ್ನು ಸವರಿದರೆ ಸಾಕು.

ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ಇಷ್ಟು ದಿನ ನನ್ನ ಕೈಯಲ್ಲಿ ಮೆಟ್ಟಿಲು ಬಿಟ್ಟೇಳದ ಅರಸಿ ಇಲ್ಲಿ ಮನೆ ಕಟ್ಟಿ, ಶತ್ರುಗಳನ್ನು ಮಲಗಿಸಿ, ಸಾರು ಕಾಸುತ್ತಿದ್ದಳು. ಸಂತೋಷದಿಂದಲೇ ಕೇಳಿದೆ, "ಮತ್ತ ದೋಣಿಗಾರ? ಆತ ಎಲ್ಲಿ ತನಕ ಹೋಗ್ಯಾನ?"

ಹುಡುಗಿ ಹುಬ್ಬು ಗಂಟಿಕ್ಕಿದಳು. "ಯಾವ ದೋಣಿಗಾರ?"

"ದೋಣಿ ಹೊತಗೊಂಡು ಹೋದನಲ್ಲ, ಹೊಳಿ ತರಾಕ."

"ಇಲ್ರಿ. ಅಂಥಾಂವ ಯಾರೂ ಇಲ್ಲ ಕಥ್ಯಾಗ."

ಅಡುಗೆಮನೆಯಲ್ಲಿ ರೊಟ್ಟಿಯ ಬಡಿತ ತಪ್ಪಿತು. ಎರಡು ಜೋರು ಆದ ಮೇಲೆ ಮೂರನೆಯದು ಬರಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು. ನಾನು ಹುಡುಗಿಗೆ, "ಹೌದೇನು? ನಾ ಬೇರೆ ಕಥಿ ನೆನಸಿದ್ದೆ ಬಿಡು" ಎಂದೆ.

ಮರುದಿನ ಹುಡುಗಿ ಟ್ಯೂಷನ್ನಿಗೆ ಹೋದ ಮೇಲೆ, ವೈನಿಯ ಗಂಡ ಕಾರ್ಖಾನೆಗೆ ಹೋದ ಮೇಲೆ, ನಾವಿಬ್ಬರೇ ಉಳಿದೆವು. ಆಕೆ ಪುಂಡಿಪಲ್ಯದ ಎಲೆ ಬಿಡಿಸುತ್ತಿದ್ದಳು. ನಾನೂ ಒಂದು ಸಿವುಡು ಎಳೆದುಕೊಂಡೆ.

"ಆತನ್ನ ಯಾಕ ತಗದ್ರಿ ವೈನಿ?" ಎಂದೆ. ಸಿಟ್ಟಿನಿಂದ ಕೇಳಬಾರದೆಂದು ಎಷ್ಟು ಅಂದುಕೊಂಡಿದ್ದರೂ ದನಿಯಲ್ಲಿ ಒಂಚೂರು ಸಿಟ್ಟು ಬಂತು.

ಆಕೆ ತಲೆ ಎತ್ತಲಿಲ್ಲ. "ತಗದಿಲ್ಲ ತಂಗಿ. ಹೇಳಾಕ ನೋಡ್ದೆ. ಮೊದಲನೇ ದಿನಾನೇ ನೋಡ್ದೆ. ಆತನ ಮಾತು ಬಂದಾಗ ನನ್ನ ದನಿ ಬ್ಯಾರೆ ಆತು. ಪೋರಿ ಕೇಳ್ತು, ಸಣ್ಣವ್ವ ಯಾಕ ಹಂಗ ಮಾತಾಡ್ತಿ ಅಂತ. ಅವ್ವನ್ನ ಕಳಕೊಂಡ ಕೂಸದು. ಅದಕ್ಕ ದನಿ ಬದಲಾಗೂದು ಲಗೂನೆ ತಿಳೀತದ. ನಾ ಎಲ್ಲ್ಯಾರ ಹೋಗಿಬಿಡ್ತೀನಿ ಅಂತ ಅಂಜಿತು. ಅದಕ್ಕ ಬಿಟ್ಟೆ."

ಎಲೆಗಳು ಪುಟ್ಟಿಯಲ್ಲಿ ಬೀಳುತ್ತಿದ್ದವು.

"ಆತ ನಿನ್ನ ಬಾಯಾಗ ಇರ್ಲಿ" ಎಂದಳು. "ಅರಸಿ ನನ್ನ ಬಾಯಾಗ ಇರ್ಲಿ. ಇಬ್ಬರನ್ನೂ ಸಂಭಾಳಿಸೋದು ನನ್ನ ಕೈಲೆ ಆಗೂದಿಲ್ಲ."

ಆಕೆ ಚೆನ್ನಾಗಿರಲಿ ಎಂದು ಇಷ್ಟು ವರ್ಷ ಮನಸ್ಸಿನಲ್ಲೇ ಬೇಡಿಕೊಂಡವಳು ನಾನೇ. ಚೆನ್ನಾಗಿದ್ದಾಳೆ ಎಂದು ಕಣ್ಣಾರೆ ಕಂಡಾಗ ಎದೆಯಲ್ಲಿ ಎದ್ದದ್ದು ಬರೀ ಸಂತೋಷವಾಗಿರಲಿಲ್ಲ. ಅಣ್ಣನಿಲ್ಲದ ಕಥೆಯೊಂದು ಇಷ್ಟು ಸಲೀಸಾಗಿ ಸಾಗುತ್ತಿದೆಯಲ್ಲ ಅನ್ನಿಸಿತು. ಆಮೇಲೆ, ಸಲೀಸು ಎಲ್ಲಿಂದ ಬಂತು, ಇದರ ಒಂದೊಂದು ಗೋಡೆಯನ್ನೂ ಆಕೆ ಒಬ್ಬಳೇ ಎತ್ತಿದ್ದಾಳೆ ಅನ್ನಿಸಿತು.

ಆಕೆಯೇ ಕೇಳಿದಳು, "ತಂದೀಯೇನು? ಬರದದ್ದು?"

"ತಂದೀನಿ."

"ಓದು. ಪೋರಿ ಬರೋ ತನಕ ಓದು."

ಓದಿದೆ. ದೋಣಿಗಾರ ಮರಳಿನಲ್ಲಿ ನಡೆಯುವುದು, ಹೆಗಲಿನ ಗಾಯ, ಬತ್ತಿದ ಮಡುವಿನಲ್ಲಿ ಮುದಿ ಮೀನೊಂದು ಅವನಿಗೆ ದಾರಿ ಹೇಳುವುದು, ಬೋರಲು ಹಾಕಿದ ದೋಣಿಯ ಕೆಳಗೆ ಅವನು ಮಲಗುವುದು. ವೈನಿ ಎಲೆ ಬಿಡಿಸುವುದು ಮುಗಿದಿತ್ತು. ಬರಿಗೈಯಲ್ಲೇ ಕೂತಿದ್ದಳು. ಪಡಸಾಲೆಯಲ್ಲಿ ಕೂಡುತ್ತಿದ್ದಂತೆಯೇ ಗೋಡೆಗೆ ಒರಗಿದ್ದಳು. ಆದರೆ ಕಣ್ಣು ನನ್ನ ಮೇಲಿತ್ತು. ನಾನು ಮೂರನೆಯ ಅಧ್ಯಾಯಕ್ಕೆ ಬಂದಾಗ ತಡೆದಳು.

"ಆತ ಏನ ತಿಂತಾನ?"

"ಆಂ?"

"ಇಷ್ಟು ದಿನದಿಂದ ನಡಸಾಕತ್ತಿ ಆತನ್ನ. ಒಂದು ತುತ್ತೂ ಉಂಡಿಲ್ಲ ಆತ. ಬುತ್ತಿ ಕಟ್ಟಿ ಕಳಸಿಲ್ಲೇನು ಯಾರೂ?" ಆಮೇಲೆ ಹೇಳಿದಳು, "ನಿಮ್ಮಣ್ಣಗ ಹಸಿವಿ ತಡಿಯಾಕ ಆಗ್ತಿದ್ದಿಲ್ಲ. ಜರಾ ತಡಾ ಆದ್ರ ಮಾರಿ ಸಣ್ಣದಾಗ್ತಿತ್ತು."

ಅಲ್ಲಿಯತನಕ ಆಕೆ ನನ್ನ ಮುಂದೆ ಅಣ್ಣನ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ನಮ್ಮ ಮನೆಯಲ್ಲಿದ್ದಾಗಲೂ ಇಲ್ಲ. ಇಬ್ಬರಿಗೂ ಅಳು ಬಂತು. ಜೋರಾಗಿ ಅಲ್ಲ. ಪಕ್ಕದ ಮನೆಯವರಿಗೆ ಕೇಳದಷ್ಟು. ಆಮೇಲೆ ವೈನಿ ಗೋಡೆಯ ಗಡಿಯಾರ ನೋಡಿ, "ಸಾಕು ತಂಗಿ. ಪೋರಿ ಬರೋ ಹೊತ್ತಾತು" ಎಂದು ಎದ್ದು, ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದು ಹೊಸದಾಗಿ ಕುಂಕುಮ ಹಚ್ಚಿಕೊಂಡಳು. ಹುಡುಗಿ ಬಂದಾಗ ಆಕೆ ಒಲೆಯ ಮುಂದೆ ಹಾಡು ಗುನುಗುತ್ತಿದ್ದಳು.

ಸಂಜೆ ಆಕೆಯ ಗಂಡ ಬಂದರು. ಹುಬ್ಬು, ರೆಪ್ಪೆಗಳ ಮೇಲೆಲ್ಲ ಕಲ್ಲಿನ ಬಿಳಿ ಪುಡಿ. ಮಾತು ಕಡಿಮೆ. ಕೈಕಾಲು ತೊಳೆದು ಲಿಂಗಪೂಜೆ ಮುಗಿಸಿ ಬಂದು ಕೂತು, "ನಿಮ್ಮ ಕಥಿ ನಮ್ಮ ಮನ್ಯಾಗ ದಿನಾ ನಡೀತದ್ರಿ. ನಾನೂ ಕೇಳ್ತೀನಿ. ಫರಸಿ ಮಾತು ನನಗ ಭಾಳ ಪಸಂದ್ ಬಂತು" ಎಂದು ನಕ್ಕರು. ಪಕ್ಕದ ಮನೆಯ ಹಿರಿಯರು ಬಂದು ಇವರು ಯಾರೆಂದು ನನ್ನನ್ನು ತೋರಿಸಿ ಕೇಳಿದರು. ವೈನಿಯ ಗಂಡ ಒಂದಿಷ್ಟೂ ತಡೆಯದೆ, "ನಮ್ಮ ಮನಿಯಾಕಿ ತಂಗಿ ಬಂದಾರ್ರಿ, ಜಹೀರಾಬಾದಿಂದ" ಎಂದರು. ವೈನಿ ನನ್ನ ಕಡೆ ನೋಡಲಿಲ್ಲ. ನಾನೂ ನೋಡಲಿಲ್ಲ. ಆ ಮನುಷ್ಯನ ಮೇಲೆ ನನಗೆ ಇದ್ದ ಒಂದು ಸಣ್ಣ ಬಿಗುಮಾನ ಆ ಹೊತ್ತಿಗೇ ಬಿಟ್ಟುಹೋಯಿತು.

ಜಹೀರಾಬಾದಿಗೆ ಬಂದಾಗ ಅವ್ವ ಕೇಳಿದ್ದು ಒಂದೇ, "ನಗ್ತಾಳೇನು?"

"ನಗ್ತಾಳವ್ವ."

ಅವ್ವ ತಲೆ ಆಡಿಸಿ ಒಳಗೆ ಹೋದಳು.

ಆಮೇಲೆ ಎರಡನೆಯ ಸಂಪುಟ ಸರಾಗವಾಗಿ ಹರಿಯಿತು ಎಂದು ಹೇಳಲಾರೆ. ಆದರೆ ದಾರಿ ಸಿಕ್ಕಿತು. ಮೆಟ್ಟಿಲ ಮೇಲೆ ಕೂತಿದ್ದ ಅರಸಿಯ ಅಧ್ಯಾಯಗಳನ್ನೆಲ್ಲ ಹರಿದುಹಾಕಿದೆ. ವೈನಿಗೆ ಫೋನು ಮಾಡಿ, ಅವಳ ಅರಸಿಯನ್ನು, ಹೊಳೆಯ ನಡುವಿನ ಮನೆಯನ್ನು, ನೆಲವಾದ ಸೈನಿಕರನ್ನು ನನಗೆ ಕೊಡುತ್ತೀರಾ ಎಂದು ಕೇಳಿದೆ.

"ತಗೋ. ನಂದೇನದ ಅದ್ರಾಗ" ಎಂದಳು. "ಆದ್ರ ಉಪ್ಪಿನ ಕುದುರಿ ಮಾತ್ರ ಸಾಯಿಸಬ್ಯಾಡ. ಪೋರಿ ಅಳ್ತದ."

ಒಂದು ಅಧ್ಯಾಯ ದೋಣಿಗಾರನದು, ಒಂದು ಅಧ್ಯಾಯ ಅರಸಿಯದು. ಇಡೀ ಸಂಪುಟದಲ್ಲಿ ಅವರಿಬ್ಬರೂ ಒಮ್ಮೆಯೂ ಎದುರಾಗುವುದಿಲ್ಲ. ಅವನ ಬಗ್ಗೆ ಆಕೆಯ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ದೋಣಿಗಾರನಿಗೆ ದಾರಿಯಲ್ಲಿ ಯಾರೋ ಬುತ್ತಿ ಇಟ್ಟು ಹೋಗುತ್ತಾರೆ. ಯಾರೆಂದು ನಾನು ಬರೆಯಲಿಲ್ಲ. ಪ್ರಕಾಶಕರು ಹಸ್ತಪ್ರತಿ ಓದಿ, ಓದುಗರಿಗೆ ಒಂದು ಭೇಟಿಯನ್ನಾದರೂ ಕೊಡಿ, ಕಡೆಗೆ ದೂರದಿಂದ ದೀಪ ಕಂಡಂತಾದರೂ ಮಾಡಿ ಎಂದರು. ಪ್ರಯತ್ನಿಸಿದೆ. ದೀಪ ಹಚ್ಚಿದೆ, ಆರಿಸಿದೆ. ಆಗಲಿಲ್ಲ. ಇಬ್ಬರೂ ಮತ್ತೆ ಸೇರುತ್ತಾರೋ ಇಲ್ಲವೋ ಎಂದು ವೈನಿಗೇ ಕೇಳಿದೆ. "ನನಗೇನ್ ಗೊತ್ತು ತಂಗಿ?" ಎಂದಳು.

ಪುಸ್ತಕ ಬಂದ ಹೊತ್ತಿಗೆ ವೈನಿಯ ಅವ್ವನಿಗೆ ಮೈ ಸರಿಯಿರಲಿಲ್ಲ. ವೈನಿ ತವರಿಗೆ ಬಂದಿದ್ದಳು, ಹಿಂದಿರುಗುವಾಗ ನಾರಾಯಣಖೇಡದಲ್ಲಿ ಬಸ್ಸು ಬದಲಿಸಬೇಕಿತ್ತು. ಅಲ್ಲಿಗೆ ಬಾ ಎಂದಳು. ಜಹೀರಾಬಾದಿಗೇ ಬನ್ನಿ, ಅವ್ವ ದಾರಿ ನೋಡುತ್ತಿದ್ದಾಳೆ ಎಂದು ನಾನು ಹೇಳಿದೆ. "ಬರ್ತೀನಿ ತಂಗಿ. ಖರೇ ಈಗ ಬ್ಯಾಡ. ಆ ಮನಿ ಹೊಸ್ತಲಾ ದಾಟಿದ್ರ ಹೊಳ್ಳಿ ಬರಾಕ ನನ್ನ ಕಾಲು ಏಳೂದಿಲ್ಲ" ಎಂದಳು. ನಾನು ಮತ್ತೆ ಒತ್ತಾಯಿಸಲಿಲ್ಲ.

ನಾರಾಯಣಖೇಡದ ಬಸ್ ಸ್ಟ್ಯಾಂಡಿನಲ್ಲಿ ಆಕೆ ಸಿಮೆಂಟಿನ ಬೆಂಚಿನ ಮೇಲೆ ಚೀಲ ಇಟ್ಟು ನನಗೆ ಜಾಗ ಹಿಡಿದು ಕೂತಿದ್ದಳು. ಚಹಾ ಕುಡಿದೆವು. ಪುಸ್ತಕ ಕೊಟ್ಟೆ. ಎರಡೂ ಕೈಯಲ್ಲಿ ತಗೊಂಡು ಹಣೆಗೆ ಒತ್ತಿಕೊಂಡಳು. ಅರ್ಪಣೆಯ ಪುಟದ ಮೇಲೆ ಬೆರಳಿಟ್ಟು, "ಇಲ್ಲೇನ್ ಬರದದ?" ಎಂದಳು.

"ವೈನಿಗೆ ಅಂತ."

"ಅಷ್ಟೇನಾ?"

"ಅಷ್ಟೇ."

ಆಕೆ ಆ ಒಂದು ಪದದ ಅಕ್ಷರಗಳನ್ನು ಒಂದೊಂದಾಗಿ ನೋಡಿದಳು. ತೆಲುಗಿಗೂ ಕನ್ನಡಕ್ಕೂ ಅಕ್ಷರದ ನಂಟಿದೆಯಲ್ಲ, ಮೊದಲನೆಯದು ಗುರುತು ಸಿಕ್ಕಿತು. "ಇದು ವೈ" ಎಂದಳು, ಚಿಕ್ಕ ಹುಡುಗಿಯ ಹಾಗೆ. ನಂತರ, "ಮೊದಲನೇ ಪಾನು ಓದು. ಬಸ್ ಬರೋ ತನಕ" ಎಂದಳು.

ಮೈಕಿನಲ್ಲಿ ತೆಲುಗಿನಲ್ಲಿ ಬಸ್ಸುಗಳ ಹೆಸರು ಕೂಗುತ್ತಿದ್ದರು. ಕಡಲೆ ಮಾರುವವರು, ಸಂಗಾರೆಡ್ಡಿಗೆ ಹೋಗುವವರು, ಮದುವೆಯ ಗುಂಪೊಂದು. ನಾನು ಆಕೆಯ ಕಿವಿಯ ಹತ್ತಿರ ಬಾಗಿ ಓದಿದೆ. ದೋಣಿಗಾರ ಮೊದಲ ತಿರುವು ದಾಟುವ ಮುನ್ನವೇ ಬಸ್ಸು ಬಂತು. ವೈನಿ ಕಿಟಕಿಯ ಪಕ್ಕ ಕೂತು ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು, "ಉಳದದ್ದು ಫೋನಿನ್ಯಾಗ ತುಂಬಿ ಕಳಸು ತಂಗಿ. ಆತಂದು ಬ್ಯಾರೆ, ಆಕಿದು ಬ್ಯಾರೆ ಮಾಡಿ ಕಳಸು" ಎಂದಳು. ಬಸ್ಸು ಗೇಟು ದಾಟಿ ಧೂಳಿನಲ್ಲಿ ಮರೆಯಾಯಿತು. ಜಹೀರಾಬಾದಿನ ಬಸ್ಸು ಬರುವತನಕ ನಾನು ಆ ಬೆಂಚಿನ ಮೇಲೆ, ಆಕೆ ಕೂತಿದ್ದ ಕಡೆ ಸರಿದು ಕೂತಿದ್ದೆ.

ಮರುದಿನ ಶಾಲೆಯಿಂದ ಬಂದವಳು ಪಡಸಾಲೆಯಲ್ಲಿ ಕೂತು ಫೋನಿನಲ್ಲಿ ದೋಣಿಗಾರನ ಮೊದಲ ಅಧ್ಯಾಯವನ್ನು ಧ್ವನಿಮುದ್ರಿಸಲು ಶುರುಮಾಡಿದೆ. ಮನೆಯವರಿಗೆ ಕೇಳಬಾರದೆಂದು ಮೆಲ್ಲಗೆ ಓದುತ್ತಿದ್ದೆ. ನನ್ನ ಎರಡು ಪುಸ್ತಕಗಳಲ್ಲಿ ಒಂದನ್ನೂ ಅವ್ವ ಮುಟ್ಟಿ ನೋಡಿದವಳಲ್ಲ, ಒಂದು ಸಾಲೂ ಕೇಳಿದವಳಲ್ಲ. ಎರಡು ಪುಟ ಆಗಿತ್ತು. ಅಡುಗೆಮನೆಯಿಂದ ಅವ್ವ ಮೊಣಕಾಲು ಹಿಡಿದುಕೊಂಡು ಬಂದು, ವೈನಿ ಕೂಡುತ್ತಿದ್ದ ಗೋಡೆಗೆ ಬೆನ್ನು ಕೊಟ್ಟು ಕೂತಳು.

"ಏನವ್ವ?" ಎಂದೆ.

"ಅಷ್ಟು ಸಣ್ಣ ದನ್ಯಾಗ ಓದಿದ್ರ ಆಕಿಗೆ ಕೇಳ್ತದೇನು?" ಎಂದಳು ಅವ್ವ, ನನ್ನ ಕಡೆ ನೋಡದೆ, ಅಂಗಳದ ಕಡೆ ನೋಡುತ್ತ. "ಜೋರ ಓದು. ಮೊದಲಿಂದ ಓದು."